ಯಾರೂ ಅಳೆಯದ ಜಿಗಿತ

ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಪ್ಲಾಸ್ಟರಮ್ಮ ಮೈದಾನದ ಮರಳುಗುಂಡಿಯ ಪಕ್ಕದಲ್ಲಿ ಖಾಲಿ ಬಕೆಟ್ಟೊಂದನ್ನು ಬೋರಲು ಹಾಕಿಕೊಂಡು ಕೂತು, ಗಾಳಿಯಲ್ಲಿದ್ದ ಆಟಗಾರನೊಬ್ಬನ ಎಡಪಾದ ಬರೆಯುತ್ತಿದ್ದಳು. ಆತ ಆಗಲೇ ಮರಳಿಗೆ ಬಿದ್ದು, ಎದ್ದು, ಚಡ್ಡಿ ಕೊಡವಿಕೊಂಡು, ನೀರು ಕುಡಿದು, ಓಟದ ಹಾದಿಯ ಆ ತುದಿಗೆ ಹೋಗಿ ನಿಂತಿದ್ದ. ಹಾಳೆಯ ಮೇಲಿನ ಪಾದ ಮಾತ್ರ ಇನ್ನೂ ಮುಗಿದಿರಲಿಲ್ಲ. ಆಕೆ ಹಿಮ್ಮಡಿಯ ಗುಂಡನ್ನು ಇನ್ನೊಮ್ಮೆ ತಿದ್ದಿ, ಹಾಳೆಯನ್ನು ದೂರ ಹಿಡಿದು ನೋಡಿದಳು. ಪಾದ ಚೆನ್ನಾಗಿಯೇ ಬಂದಿತ್ತು.

ಹಿಂದಿನಿಂದ ಯಾರೋ ಬಗ್ಗಿ ನೋಡಿದರು. ಉದ್ದ ಜಿಗಿತದವರಿಗೆ ತರಬೇತಿ ಕೊಡುವ ಹೆಂಗಸು. ಕೊರಳಲ್ಲಿ ಯಾವಾಗಲೂ ಸೀಟಿ ತೂಗುತ್ತಿದ್ದುದರಿಂದ ಮೈದಾನದಲ್ಲಿ ಎಲ್ಲರೂ ಕರೆಯುತ್ತಿದ್ದುದು ಸೀಟಿ ಟೀಚರ್ ಎಂದು.

“ಇವನ್ಯಾಕಮ್ಮಾ ಗಾಳೀಲಿ ಕುರ್ಚಿ ಹಾಕ್ಕೊಂಡು ಕೂತಿದಾನೆ?”

“ಹಾರ್ತಿದಾನೆ ಟೀಚರ್.”

“ಹಾರ್ತಿದಾನಾ! ನಾನು ಬಸ್ಸಿಗೆ ಕಾಯ್ತಿದಾನೆ ಅಂದ್ಕೊಂಡೆ.”

ಸಾಲಿನಲ್ಲಿದ್ದ ನಾಲ್ಕೈದು ಜನ ಕಿಸಕ್ಕೆಂದು ನಕ್ಕರು. ಪ್ಲಾಸ್ಟರಮ್ಮನೂ ನಕ್ಕಳು, ಆದರೆ ಕಿವಿ ಬಿಸಿಯಾಯಿತು. ಆ ಹಾಳೆಯನ್ನು ಮಡಿಚಿ ಚೀಲಕ್ಕೆ ತುರುಕಿ, ಇನ್ನೊಂದು ತೆಗೆದಳು.

ದೊಡ್ಡಾಸ್ಪತ್ರೆಯ ಮೂಳೆ ವಿಭಾಗದಲ್ಲಿ, ಉದ್ದನೆಯ ಕಾರಿಡಾರಿನ ಕೊನೆಗೆ, ಪ್ಲಾಸ್ಟರ್ ಕೋಣೆ ಇದೆ. ಮಧ್ಯದಲ್ಲಿ ರೆಕ್ಸಿನ್ ಹೊದಿಸಿದ ಮೇಜು, ಪಕ್ಕದಲ್ಲಿ ಉಗುರುಬೆಚ್ಚಗಿನ ನೀರಿನ ಸ್ಟೀಲ್ ಬೋಗುಣಿ, ಗೋಡೆಗೆ ಹತ್ತಿ ಮತ್ತು ಪಟ್ಟಿಯ ಸುರುಳಿಗಳ ಕಪಾಟು. ನೆಲದ ಮೇಲೆ ಎಷ್ಟು ಒರೆಸಿದರೂ ಬಿಳಿ ಪುಡಿಯ ಒಂದು ಪೊರೆ ಇದ್ದೇ ಇರುತ್ತದೆ. ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಹಾಕುವುದು, ಕೂಡಿದ ಮೇಲೆ ಕತ್ತರಿಸಿ ತೆಗೆಯುವುದು ಆಕೆಯ ಕೆಲಸ. ಮದುವೆಗೆ ಮುಂಚೆ ಸೇರಿದವಳು, ಮಗಳು ಕೆಲಸಕ್ಕೆ ಹೋಗುವಂತಾದರೂ ಅದೇ ಕೋಣೆ. ಹೀಗಾಗಿ ಆಸ್ಪತ್ರೆಯಲ್ಲೂ ಬೀದಿಯಲ್ಲೂ ಆಕೆ ಪ್ಲಾಸ್ಟರಮ್ಮ. ಎದುರುಮನೆಯವರು ಮದುವೆ ಕಾಗದದ ಲಕೋಟೆಯ ಮೇಲೂ ಹಾಗೆಯೇ ಬರೆದಿದ್ದರು.

ಆಕೆಗೆ ಇನ್ನೊಂದು ಚಿಕ್ಕ ಹೆಸರೂ ಇತ್ತು. ಪ್ಲಾಸ್ಟರ್ ಒಣಗಿದ ಮೇಲೆ ಮಕ್ಕಳಿಗೆ ಅದರ ಮೇಲೆ ಚಿತ್ರ ಬರೆದುಕೊಡುತ್ತಿದ್ದಳು. ಬೆಕ್ಕು, ಗೂಬೆ, ಹಡಗು, ಕೊಡೆ ಹಿಡಿದ ಆನೆ. ಅಳುತ್ತ ಬಂದ ಮಕ್ಕಳು ಹೋಗುವಾಗ ಕಂಡಕಂಡವರಿಗೆ ಕೈ ತೋರಿಸುತ್ತ ಹೋಗುತ್ತಿದ್ದವು. ಕೆಲವು ಮಕ್ಕಳ ಪಾಲಿಗೆ ಆಕೆ ಬೆಕ್ಕಿನಾಂಟಿ. ಬರೆದದ್ದೆಲ್ಲ ಕೂತ ಪ್ರಾಣಿ, ನಿಂತ ವಸ್ತು. ಓಡುವುದನ್ನು, ಹಾರುವುದನ್ನು ಬರೆಯಬೇಕೆಂದು ಆಕೆಗೆ ಯಾವತ್ತೂ ಅನಿಸಿರಲಿಲ್ಲ. ದಿನವಿಡೀ ಅಲುಗಾಡಬೇಡ, ಅಲುಗಾಡಬೇಡ ಎಂದು ಹೇಳುವುದೇ ಆಕೆಯ ವೃತ್ತಿ.

ಈಗ ಈ ಬಕೆಟ್ಟಿನ ಮೇಲೆ ತಂದು ಕೂರಿಸಿದ್ದು ಗಂಡ.

ಗಂಡ ಲಿಫ್ಟ್ ಮೆಕ್ಯಾನಿಕ್. ಮಾತಿನಲ್ಲಿ ಚುರುಕು, ಅಳತೆಯಲ್ಲಿ ಬಿಗಿ. ಲಿಫ್ಟು ಮಹಡಿಯ ನೆಲಕ್ಕೆ ಸರಿಯಾಗಿ ನಿಲ್ಲದೆ ಒಂದು ಬೆರಳು ಮೇಲೆ ನಿಂತರೂ ಅದನ್ನು ಬಿಟ್ಟು ಊಟಕ್ಕೆ ಬರುವವನಲ್ಲ. ಹರೆಯದಲ್ಲಿ ಆತ ಉದ್ದ ಜಿಗಿತದ ಆಟಗಾರನಾಗಿದ್ದ. ದೊಡ್ಡ ಹೆಸರೇನಲ್ಲ, ಕಾರ್ಖಾನೆಗಳ ನಡುವಿನ ಪಂದ್ಯಗಳಲ್ಲಿ ಎರಡನೆಯವನೋ ಮೂರನೆಯವನೋ ಆಗಿ ಬರುವವನು. ಆದರೆ ಒಂದು ಸಲ, ಒಂದೇ ಒಂದು ಸಲ, ಮರಳಿಗೆ ಮುಂಚಿನ ಹಲಗೆ ಮೆಟ್ಟಿ ಮೇಲೆದ್ದಾಗ ಆತನಿಗೆ ಗೊತ್ತಾಯಿತಂತೆ, ಇದು ತನ್ನ ಬೇರೆ ಯಾವ ಜಿಗಿತದಂತೆಯೂ ಇಲ್ಲ ಎಂದು. “ಗಾಳೀಲಿರುವಾಗ್ಲೇ ಗೊತ್ತಾಯ್ತು ಕಣೇ. ಕೆಳಗೆ ಬರೋಕೆ ಮನಸ್ಸೇ ಇರ್ಲಿಲ್ಲ ನಂಗೆ.” ಇಳಿದು ತಿರುಗಿ ನೋಡಿದರೆ ಕೆಂಪು ಬಾವುಟ. ಹೆಬ್ಬೆರಳು ಹಲಗೆಯ ಅಂಚಿನ ಗೆರೆ ದಾಟಿತ್ತು. ಫೌಲ್ ಆದ ಜಿಗಿತವನ್ನು ಯಾರೂ ಅಳೆಯುವುದಿಲ್ಲ. ಆತ ಮರಳಿನಿಂದ ಆಚೆ ಬರುವಷ್ಟರಲ್ಲಿ ಯಾರೋ ಬಂದು ಗುರುತನ್ನು ಎಳೆದು ಸಮ ಮಾಡಿದರು. ಅಲ್ಲಿಗೆ ಮುಗಿಯಿತು.

ಆ ದಿನದ್ದೆಂದು ಉಳಿದಿದ್ದುದು ಒಂದೇ ಫೋಟೋ. ಅದರಲ್ಲಿ ಆತ ಮರಳಿನಲ್ಲಿ ಕುಕ್ಕರಿಸಿ, ಕಣ್ಣು ಮುಚ್ಚಿ, ಬಾಯಿ ತೆರೆದು ಕೂತಿದ್ದಾನೆ. ನಾಲಿಗೆಯ ಮೇಲೂ ಮರಳು. “ಅಪ್ಪಾಜಿ ಮರಳು ತಿನ್ತಿರೋದು” ಎಂದು ಮಗಳು ಬಂದವರಿಗೆಲ್ಲ ತೋರಿಸುತ್ತಿದ್ದಳು. ಆತನೂ ನಗುತ್ತಿದ್ದ. ಯಾರಾದರೂ “ಎಷ್ಟು ದೂರ ಹಾರಿದ್ರಿ?” ಎಂದು ಕೇಳಿದರೆ ಮಾತ್ರ ನಗು ನಿಲ್ಲುತ್ತಿತ್ತು. “ಅಳೆದಿಲ್ಲ” ಅನ್ನುತ್ತಿದ್ದ. ಅದಕ್ಕಿಂತ ಒಂದು ಅಕ್ಷರ ಹೆಚ್ಚಿಗೆ ಹೇಳಿದವನಲ್ಲ.

ಆತನ ಕಾಲು ಈಗ ಕುಂಟುತ್ತಿತ್ತು. ಎಡ ಸೊಂಟದ ಕೀಲು ಸವೆದಿದೆ, ಬದಲಾಯಿಸಬೇಕು ಎಂದು ಮೂಳೆ ಡಾಕ್ಟರು ಎಕ್ಸ್‌ರೇ ಹಿಡಿದು ಹೇಳಿದರು. ಎರಡೂವರೆ ತಿಂಗಳು ಬಿಟ್ಟು ಆಪರೇಷನ್ನಿಗೆ ದಿನ ಕೊಟ್ಟರು. ಬಸ್ಸಿನಲ್ಲಿ ಮನೆಗೆ ಬರುವಾಗ ಗಂಡ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ, “ಹಳೇ ಮೂಳೆ ಏನು ಮಾಡ್ತಾರೆ?”

“ಏನು ಮಾಡ್ತಾರೆ. ಕೊಯ್ದು ತೆಗೀತಾರೆ. ಬಕೆಟ್ಟಿಗೆ ಹಾಕ್ತಾರೆ.” ಆಸ್ಪತ್ರೆಯಲ್ಲಿ ಹೇಳಿ ಹೇಳಿ ಅಭ್ಯಾಸವಾದ ದನಿಯಲ್ಲೇ ಹೇಳಿದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಬಸ್ಸು ಎರಡು ನಿಲ್ದಾಣ ದಾಟಿತು.

“ನಾನು ಹಲಗೆ ಮೆಟ್ಟಿದ್ದು ಆ ಕಾಲಲ್ಲೇ,” ಅಂದ ಗಂಡ. “ಅದೊಂದಕ್ಕೇ ಗೊತ್ತಿತ್ತು ಎಷ್ಟು ಹಾರಿದೆ ಅಂತ. ಅದೂ ಬಕೆಟ್ಟಿಗೆ ಹೋದ್ರೆ ಇನ್ನು ಸಾಕ್ಷಿಗೆ ಯಾರಿದಾರೆ?”

“ನಾನಿದೀನಲ್ಲ.”

“ನೀನು ನೋಡೇ ಇಲ್ವಲ್ಲೇ.” ನಿಜವಾಗಿತ್ತು. ಆ ಪಂದ್ಯ ನಡೆದಾಗ ಅವರಿಗೆ ಪರಿಚಯವೇ ಇರಲಿಲ್ಲ. ಬೀದಿಯ ತಿರುವು ಬಂದಾಗ ಆತ ಎದ್ದು ಕಂಬಿ ಹಿಡಿದು, ತಮಾಷೆಯ ದನಿ ತಂದುಕೊಂಡು ಅಂದ, “ಊರ ಮಕ್ಕಳಿಗೆಲ್ಲ ಬೆಕ್ಕು ಬರ್ದು ಕೊಡ್ತೀಯ. ಗಂಡನಿಗೆ ಒಂದು ಜಿಗಿತ ಬರ್ದು ಕೊಡು. ಆಪರೇಷನ್‌ಗೆ ಮುಂಚೆ ಒಂದ್ಸಲ ನೋಡ್ಬೇಕು ನಾನು.”

ಆಕೆಯೂ ತಮಾಷೆಗೆಂಬಂತೆ ಹೂಂ ಅಂದಳು. ರಾತ್ರಿಯ ಅಡುಗೆಗೆ ಒಲೆ ಹಚ್ಚುವ ಹೊತ್ತಿಗೆ ಅದು ತಮಾಷೆಯಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಮೊದಲ ಪ್ರಯತ್ನ ಊಟದ ಮೇಜಿನ ಮೇಲೆ ನಡೆಯಿತು. ಮನಸ್ಸಿನಿಂದಲೇ ಬರೆದಳು. ಮಗಳು ನೋಡಿ, “ಅಮ್ಮಾ, ಇದು ಗೂಬೇನಾ?” ಅಂದಳು. ಗಂಡ ಗಂಭೀರವಾಗಿ ನೋಡಿ, “ಗೂಬೆ ಆದ್ರೆ ಚೆನ್ನಾಗಿದೆ” ಅಂದ. ಆಗ ಆಕೆಗೆ ಹೊಳೆಯಿತು, ಯಾರಾದರೂ ಹಾರುವುದನ್ನು ತಾನು ಒಮ್ಮೆಯೂ ಕಣ್ಣಿಟ್ಟು ನೋಡಿಲ್ಲ. ಮಾರನೆಯ ವಾರ ಮೈದಾನಕ್ಕೆ ಹೋದಳು.

ಸೀಟಿ ಟೀಚರ್ ಸುಲಭಕ್ಕೆ ಒಪ್ಪಲಿಲ್ಲ. ಸುಮ್ಮನೆ ಕೂತು ನೋಡುವವರನ್ನು ಕಂಡರೆ ಆಕೆಗೆ ಆಗದು. ಕೊನೆಗೆ, ಪ್ರತಿ ಜಿಗಿತವಾದ ಮೇಲೆ ಮರಳನ್ನು ಎಳೆದು ಸಮ ಮಾಡುವ ಕೆಲಸ ಮಾಡಿದರೆ ಕೂರಬಹುದು ಅಂದಳು. ಅದಕ್ಕೊಂದು ಹಲ್ಲಿನ ಕೋಲು ಇತ್ತು, ಆಕೆಯ ಹೆಗಲಿನಷ್ಟು ಎತ್ತರ. ಹೀಗೆ ಪ್ಲಾಸ್ಟರಮ್ಮ ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಪೆನ್ಸಿಲು ಹಿಡಿದು ಬೆಳಗಿನ ಹೊತ್ತು ಅಲ್ಲಿ ಕಳೆದು, ಎಂಟಕ್ಕೆ ಆಸ್ಪತ್ರೆಗೆ ಓಡುತ್ತಿದ್ದಳು. ಚಪ್ಪಲಿಯಿಂದ ಮರಳು ಉದುರಿ ಪ್ಲಾಸ್ಟರ್ ಕೋಣೆಯ ಬಿಳಿ ನೆಲದಲ್ಲಿ ಹಳದಿ ಜಾಡು ಬೀಳುತ್ತಿತ್ತು. ಗುಡಿಸುವಾಕೆ ಅದಕ್ಕೆ ಮುಖ ಊದಿಸಿಕೊಂಡು ಓಡಾಡುತ್ತಿದ್ದಳು.

ಬಸ್ಸಿಗೆ ಕಾಯುವವನ ಮಾತು ಆಕೆಯ ತಲೆಯಿಂದ ಹೋಗಲಿಲ್ಲ. ಅಂದು ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ ಬಾಗಿಲು ಮುಂದೆ ಮಾಡಿ, ಅಲ್ಲಿಯವರೆಗೆ ಬರೆದ ಹಾಳೆಗಳನ್ನೆಲ್ಲ ರೆಕ್ಸಿನ್ ಮೇಜಿನ ಮೇಲೆ ಹರಡಿದಳು. ಒಂದೊಂದು ಪಾದವೂ ಪಾದದ ಹಾಗೆಯೇ ಇತ್ತು. ಒಂದೊಂದು ಮೊಣಕಾಲೂ ಸರಿಯಾಗಿತ್ತು. ಎಲ್ಲ ಸೇರಿದರೆ ಮಾತ್ರ ಗೂಟಕ್ಕೆ ಸಿಕ್ಕಿಸಿದ ಕೋಟು. ಕೀಲು ಎಷ್ಟು ಬಾಗುತ್ತದೆಂದು ನೋಡಲು ಆ ಕೋಣೆಯಲ್ಲಿ ಒಂದು ಅಳತೆಕಡ್ಡಿ ಇರುತ್ತದೆ, ಎರಡು ಪಟ್ಟಿಗಳನ್ನು ಒಂದು ಮೊಳೆಯಿಂದ ಸೇರಿಸಿದ್ದು. ಯಾಕೆ ಅನಿಸಿತೋ, ಅದನ್ನು ತೆಗೆದು ಚಿತ್ರಗಳ ಮೇಲಿಟ್ಟಳು. ಮೊದಲನೆಯ ಪಾದ, ಕಣಕಾಲಿಗೆ ತೊಂಬತ್ತು ಡಿಗ್ರಿ. ಎರಡನೆಯದು ತೊಂಬತ್ತು. ಓಡುವವನದೂ ತೊಂಬತ್ತು, ಮೇಲೇಳುವವಳದೂ ತೊಂಬತ್ತು, ಮರಳಿಗಿಳಿಯುವವನದೂ ತೊಂಬತ್ತು. ಮೊಣಕೈ ಹಾಗೆಯೇ. ಮೊಣಕಾಲುಗಳಿಗೆಲ್ಲ ಒಂದೇ ಸಣ್ಣ ಬಾಗು.

ಪ್ಲಾಸ್ಟರ್ ಹಾಕುವವರು ಕೀಲನ್ನು ಇಡುವ ಭಂಗಿಯೇ ಅದು. ಒಂದು ವೇಳೆ ಕೀಲು ಬಿಗಿದುಕೊಂಡರೂ ಮುಂದೆ ನಡೆಯಲು, ಉಣ್ಣಲು ಅನುಕೂಲವಾಗಲಿ ಎಂದು ಹಾಗೆ ಇಡುತ್ತಾರೆ. ಸಾವಿರಾರು ಪಾದಗಳನ್ನು ಆಕೆ ಅಂಗೈಯಿಂದ ಒತ್ತಿ ಆ ಕೋನಕ್ಕೆ ತಂದಿದ್ದಳು. ಕಣ್ಣು ನೋಡಿದ್ದು ಏನೇ ಇರಲಿ, ಕೈ ಎಲ್ಲರನ್ನೂ ಹಿಡಿದು ಅದೇ ಕೋನದಲ್ಲಿ ಕೂರಿಸಿಬಿಟ್ಟಿತ್ತು.

ಆಕೆ ಮೇಜಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗುಡಿಸುವಾಕೆ ಬಾಗಿಲು ತಳ್ಳಿ, “ಏನಾಯ್ತು ಅಕ್ಕಾ?” ಅಂದಳು.

“ಏನಿಲ್ಲ ಕಣಮ್ಮ. ಊರಿನ ಆಟಗಾರರಿಗೆಲ್ಲ ಪ್ಲಾಸ್ಟರ್ ಹಾಕ್ಬಿಟ್ಟಿದೀನಿ.”

ಕಾರಣ ಗೊತ್ತಾದ ಮಾತ್ರಕ್ಕೆ ಕೈ ಬದಲಾಗಲಿಲ್ಲ. ಸಂಜೆ ಮಗಳು ಸಹಾಯಕ್ಕೆ ಬಂದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಯಾವ ತೊಂದರೆಗೂ ಆಕೆಯ ಫೋನಿನಲ್ಲಿ ಪರಿಹಾರ ಇರುತ್ತದೆ. ಜಿಗಿತದ ವಿಡಿಯೋ ಹಾಕಿ, ನಡುಗಾಳಿಯಲ್ಲಿ ನಿಲ್ಲಿಸಿ, “ತಗೋ, ನಿಧಾನಕ್ಕೆ ನೋಡ್ಕೊಂಡು ಬರಿ, ಇವನೆಲ್ಲಿಗೂ ಹೋಗಲ್ಲ” ಅಂದಳು. ಒಂದು ವಾರ ಹಾಗೆ ಬರೆದಳು. ಕೋನಗಳು ಈಗ ಒಂದೂ ತಪ್ಪಲಿಲ್ಲ. ಆದರೆ ನಿಲ್ಲಿಸಿದ್ದನ್ನು ಬರೆದರೆ ನಿಂತದ್ದೇ ಬರುತ್ತಿತ್ತು. ಗಂಡ ಕನ್ನಡಕ ಏರಿಸಿ ನೋಡಿ, “ಚೆನ್ನಾಗಿ ಒಗ್ದು ಒಣಗಿಸಿದೀಯ. ಒಂದು ಕ್ಲಿಪ್ ಹಾಕು, ಗಾಳಿಗೆ ಹಾರೋಗ್ತಾನೆ” ಅಂದ.

“ಹಾರೋಗ್ಲಿ ಅಂತಾನೇ ಬರ್ದಿರೋದು ರೀ!”

“ಹಾಗಾದ್ರೆ ಕ್ಲಿಪ್ ತೆಗಿ.”

ಮರಳು ಎಳೆಯುವ ಕೆಲಸವೇ ಕೊನೆಗೆ ದಾರಿ ತೋರಿಸಿತು. ಪ್ಲಾಸ್ಟರಮ್ಮ ಪೆನ್ಸಿಲು ಹಿಡಿದಾಗ ಗೇಲಿ ಮಾಡುತ್ತಿದ್ದ ಸೀಟಿ ಟೀಚರ್, ಕೋಲು ಹಿಡಿದಾಗ ಪಾಠ ಹೇಳುತ್ತಿದ್ದಳು. “ಅಳಿಸೋಕೆ ಮುಂಚೆ ನೋಡಮ್ಮ. ಇಲ್ಲಿ ನೋಡು, ಎಡ ಹಿಮ್ಮಡಿ ಆಳಕ್ಕೆ ಇಳಿದಿದೆ, ಬಲದ್ದು ಕೆರ್ಕೊಂಡು ಹೋಗಿದೆ. ಯಾಕೆ? ಅವಳು ಮೇಲೆದ್ದಾಗ್ಲೇ ಎಡಕ್ಕೆ ವಾಲಿದ್ಲು. ಬೀಳೋದು ಇಲ್ಲಿ ನಡೆಯೋದಲ್ಲ, ಅಲ್ಲಿ ಹಲಗೆ ಹತ್ರಾನೇ ನಡೆದೋಗಿರುತ್ತೆ.” ಮರಳಿನ ಗುರುತಿನಿಂದ ಹಿಂದಕ್ಕೆ ಹಲಗೆಯ ತನಕ ಕಣ್ಣು ಓಡಿಸುವುದು ಪ್ಲಾಸ್ಟರಮ್ಮನಿಗೆ ಒಂದು ಆಟವಾಯಿತು. ಆಮೇಲೆ ಆಟ ತಿರುಗಿತು. ಆಟಗಾರರು ಹಲಗೆ ಬಿಡುವಾಗಿನ ಸೊಂಟದ ಎತ್ತರ, ಎದೆಯ ವಾಲು ನೋಡಿದರೆ ಸಾಕು, ಎಲ್ಲಿ ಇಳಿಯುತ್ತಾರೆಂದು ಹೊಳೆಯತೊಡಗಿತು. ಅವರು ಇನ್ನೂ ಗಾಳಿಯಲ್ಲಿರುವಾಗಲೇ ಕೋಲು ಹಿಡಿದು ಆ ಜಾಗದ ನೇರಕ್ಕೆ ಒಂದು ಹೆಜ್ಜೆ ಇಟ್ಟಿರುತ್ತಿದ್ದಳು. ತನಗೆ ಕಾಣುತ್ತಿರುವುದು ಪಾದವೂ ಅಲ್ಲ, ಮೊಣಕಾಲೂ ಅಲ್ಲ, ಹೆಬ್ಬೆರಳಿನಿಂದ ನೆತ್ತಿಗೆ ಹರಿಯುವ ಒಂದೇ ಬಾಗು ಎಂದು ಅಲ್ಲಿ ನಿಂತಾಗ ಆಕೆಗೆ ಗೊತ್ತಾಯಿತು.

ಜಿಗಿದವರು ಗಾಳಿಯಲ್ಲಿರುವುದು ಮುಕ್ಕಾಲು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಪೆನ್ಸಿಲು ಚೂಪು ಮಾಡಿಕೊಂಡವರಿಗೆ ಏನೂ ಸಿಗುವುದಿಲ್ಲ. ಆದರೆ ಅವಸರ ಆಕೆಗೆ ಹೊಸದಾಗಿರಲಿಲ್ಲ. ನೀರಿನಿಂದ ತೆಗೆದ ಪಟ್ಟಿ ಕೆಲವೇ ನಿಮಿಷಗಳಲ್ಲಿ ಬಿಗಿಯತೊಡಗುತ್ತದೆ. ಅದಕ್ಕೆ ಮುಂಚೆ ಸುತ್ತಿ ಮುಗಿಸಬೇಕು, ಬಿಗಿಯತೊಡಗಿದ ಮೇಲೆ ಮುಟ್ಟಬಾರದು. ಮುಟ್ಟಿದರೆ ಒಳಗೆ ಬಿರುಕು. ಪಟ್ಟಿ ಸುತ್ತುವುದು ಬೆರಳಿನಿಂದಲ್ಲ, ಹೆಗಲಿನಿಂದ. ಸುರುಳಿ ತಾನಾಗಿ ಉರುಳುತ್ತದೆ, ಕೈ ಅದರ ಹಿಂದೆ ಹೋಗುತ್ತದೆ. ಒಂದು ಬೆಳಿಗ್ಗೆ ಆಕೆ ಪೆನ್ಸಿಲನ್ನು ಚೀಲದಲ್ಲೇ ಬಿಟ್ಟು, ಮಕ್ಕಳ ಪ್ಲಾಸ್ಟರಿಗೆಂದು ಇಟ್ಟಿದ್ದ ದಪ್ಪ ಮೇಣದ ಬಣ್ಣದ ಕಡ್ಡಿಯನ್ನು ತಂದಳು. ಅದನ್ನು ಅಡ್ಡಕ್ಕೆ ಮಲಗಿಸಿ ಹಿಡಿದಳು. ಹಾಳೆಯನ್ನು ನೋಡಲೇ ಇಲ್ಲ. ಎತ್ತರದ ಹುಡುಗಿಯೊಬ್ಬಳು ಹಲಗೆ ಮೆಟ್ಟಿದಾಗ, ಪಟ್ಟಿಯ ಸುರುಳಿ ಬಿಟ್ಟಂತೆ ಹೆಗಲು ಬಿಟ್ಟಳು. ಅವಳು ಮರಳಿಗಿಳಿದಾಗ ಕೈ ಎತ್ತಿದಳು.

ಹಾಳೆಯ ಮೇಲೆ ಇದ್ದುದು ಒಂದು ನೀಲಿ ಬಳಿತ. ಕೈಯಿಲ್ಲ, ಮುಖವಿಲ್ಲ. ಕೆಳಗಡೆ ದಪ್ಪ, ಮೇಲಕ್ಕೆ ಹೋಗುತ್ತ ತೆಳು.

ಸೀಟಿ ಟೀಚರ್ ಬಗ್ಗಿ ನೋಡಿದಳು. ಸೀಟಿ ಬಾಯಲ್ಲಿತ್ತು. ತೆಗೆದಳು.

“ಇವಳು ಹಾರ್ತಾಳೆ,” ಅಂದಳು. ಆಮೇಲೆ, ಹೊಗಳಿದ್ದು ಹೆಚ್ಚಾಯಿತು ಅನಿಸಿರಬೇಕು, “ಮರಳು ಯಾರು ಎಳೀತಾರೆ, ನಿಮ್ಮತ್ತೇನಾ?” ಅಂದಳು.

ಅಲ್ಲಿಂದ ಮೇಲೆ ಕೆಲಸ ಸಾಗಿತು. ಬಳಿತದ ಮೇಲೆ ತೊಡೆ, ತೋಳು ಕೂರಿಸುವುದು ಕಲಿತಳು. ಚಿತ್ರ ಬಿಗಿಯತೊಡಗಿತು ಅನಿಸಿದಾಗ ಕೈ ತೆಗೆಯುವುದನ್ನು ಕಲಿಯಲು ಮಾತ್ರ ಹೆಚ್ಚು ದಿನ ಹಿಡಿಯಿತು. ಆಪರೇಷನ್ನಿಗೆ ಮೂರು ವಾರ ಉಳಿದಿತ್ತು. ಒಂದು ಸಂಜೆ ತನಗೆ ಬಹಳ ಹಿಡಿಸಿದ ಒಂದು ಚಿತ್ರವನ್ನು ಗಂಡನ ಕೈಗೆ ಕೊಟ್ಟು, ಏನೂ ಹೇಳದೆ ಪಾತ್ರೆ ತೊಳೆಯಲು ಹೋದಳು. ಕಿವಿ ಮಾತ್ರ ಈಚೆಗಿತ್ತು.

“ಅಬ್ಬಾ!” ಅಂದ ಗಂಡ. ಆಮೇಲೆ, “ಚೆನ್ನಾಗಿದೆ ಕಣೇ. ಯಾರಿದು?”

ಆಕೆ ನಲ್ಲಿ ನಿಲ್ಲಿಸಿದಳು. ಆ ಎತ್ತರದ ಹುಡುಗಿಯ ಕಾಲು, ಬೆಳಗಿನ ಮತ್ತೊಬ್ಬನ ತೋಳು, ಗಂಡನ ಮೂಗು. ಹೌದು, ಯಾರಿದು?

“ನೀವು ಹೇಗೆ ಹಾರ್ತಿದ್ರಿ ಅಂತ ನಂಗೇನು ಗೊತ್ತು!” ಅಂದಳು, ಸೋತ ಸಿಟ್ಟಿನಲ್ಲಿ.

“ತೋರಿಸ್ತೀನಿ ಬಾ.”

ತೋರಿಸಲು ಹೋಗಿ ಮಂಚದ ಕಂಬಿ ಹಿಡಿದು ಕಾಲೆತ್ತಿದ, ‘ಅಮ್ಮಾ’ ಎಂದು ಕೂತ. ಆಕೆ ಬೈಯುತ್ತ ಬಂದು ಆತನನ್ನು ಮಂಚದ ಮೇಲೆ ಬಲ ಮಗ್ಗುಲಾಗಿ ಮಲಗಿಸಿದಳು. ಆಮೇಲೆ ರೋಗಿಗಳ ಕಾಲು ಹಿಡಿಯುವಂತೆ ಒಂದು ಕೈಯನ್ನು ಎಡ ಹಿಮ್ಮಡಿಯ ಕೆಳಗೆ, ಇನ್ನೊಂದನ್ನು ಮೊಣಕಾಲಿನ ಕೆಳಗೆ ಇಟ್ಟು, “ಭಾರ ಬಿಡಿ. ಕಣ್ಣು ಮುಚ್ಚಿ. ಹಲಗೆ ಬಿಟ್ಟಾಗ ಇದು ಎಲ್ಲಿತ್ತು ಹೇಳಿ” ಅಂದಳು.

“ಹಿಂದೆ. ಇನ್ನೂ ಹಿಂದೆ. ಬೆರಳು ಚಾಚಿ, ಪೂರ್ತಿ. ಹೂಂ. ಬಲಗಾಲು ಮೇಲೆ, ತೊಡೆ ನೆಲಕ್ಕೆ ಸಮ. ಇನ್ನೂ ಸ್ವಲ್ಪ.”

“ನೋವಾಗುತ್ತೆ ರೀ.”

“ನೋವು ಕಾಲಿಗೆ. ಜಿಗಿತಕ್ಕಲ್ಲ.”

ನೋವಿನ ಗೆರೆಯ ತನಕ ಆಕೆಯ ಕೈ ಕಾಲನ್ನು ಒಯ್ಯುತ್ತಿತ್ತು. ಅಲ್ಲಿಂದ ಮುಂದಿನದನ್ನು ಆತ ಬಾಯಲ್ಲಿ ಹೇಳುತ್ತಿದ್ದ. ಬಲ ಹೆಗಲು ಒಂದಿಷ್ಟು ಕೆಳಗಿರುತ್ತಿತ್ತಂತೆ; ಕಾರ್ಖಾನೆಯಲ್ಲಿ ಉಪಕರಣದ ಪೆಟ್ಟಿಗೆ ಹೊತ್ತು ಹೊತ್ತು ಹಾಗಾಗಿತ್ತು. ಗದ್ದ ಮೇಲಕ್ಕೆತ್ತುವುದು ತಪ್ಪು ಎಂದು ಎಲ್ಲರೂ ಹೇಳಿದರೂ ಎತ್ತುತ್ತಿದ್ದ. ಇಷ್ಟು ವರ್ಷ ಕೇಳಿದ ಕಥೆಯಲ್ಲಿ ಇವು ಯಾವುವೂ ಬಂದಿರಲಿಲ್ಲ. ಆಕೆ ಕೇಳುತ್ತ ಹೋದಳು. ಮಗಳು ಬಾಗಿಲಲ್ಲಿ ನಿಂತು ನೋಡಿ, “ನಿಮ್ಮಿಬ್ಬರಿಗೆ ಏನಾಗಿದೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ಆಮೇಲೆ ಐದು ದಿನ ಹಾಳೆಯ ಮೇಲೆ ಬರೀ ಗಂಡನೇ. ಕೆಳಗಿಳಿದ ಹೆಗಲು, ಮೇಲೆತ್ತಿದ ಗದ್ದ. ಆರನೆಯ ದಿನದ ಚಿತ್ರವನ್ನು ಗಂಡ ದೀಪದ ಕೆಳಗೆ ಹಿಡಿದ. ನೋಡಿದ, ಮತ್ತೆ ನೋಡಿದ. ಆಮೇಲೆ ದೃಷ್ಟಿ ಕೆಳಗಿಳಿದು ಹಲಗೆಯ ಹತ್ತಿರ ನಿಂತಿತು. ಅಲ್ಲಿಯೇ ನಿಂತಿತು.

“ಹೆಬ್ಬೆರಳು ಈಚೆಗಿದೆಯಲ್ಲೇ.”

ಆಕೆ ಬೇಕೆಂದೇ ಹಾಗೆ ಬರೆದಿದ್ದಳು. ಗೆರೆಯಿಂದ ಒಂದು ಕೂದಲೆಳೆಯಷ್ಟು ಈಚೆಗೆ. ಹಾಳೆಯ ಮೇಲಾದರೂ ಕೆಂಪು ಬಾವುಟ ಏಳದಿರಲಿ ಎಂದು.

“ಹೆಬ್ಬೆರಳು ಆಚೆ ಇತ್ತು,” ಅಂದ ಗಂಡ. ದನಿ ಏರಿರಲಿಲ್ಲ, ಅದೇ ಆಕೆಗೆ ಹೆಚ್ಚು ನಾಟಿತು. “ಬೆರಳು ಈಚೆಗಿದ್ರೆ ಅದು ಆ ಜಿಗಿತಾನೇ ಅಲ್ಲ. ಅದು ಇನ್ಯಾರೋ ಅಳತೆಯಾಗಿ ಹಾರಿದ್ದು. ನಾನು ಆವತ್ತು ಗೆರೆ ನೋಡ್ಲಿಲ್ಲ, ಅದಕ್ಕೇ ಅಷ್ಟು ಹಾರಿದ್ದು. ಹಾರಿದ್ದೂ ನಾನೇ, ತಪ್ಪಿದ್ದೂ ನಾನೇ. ಒಂದನ್ನ ಇಟ್ಕೊಂಡು ಇನ್ನೊಂದನ್ನ ಅಳಿಸ್ಬೇಡ.”

ಹಾಳೆಯನ್ನು ಮೇಜಿನ ಮೇಲಿಟ್ಟು ಕುಂಟುತ್ತ ಒಳಗೆ ಹೋದ. ಆಕೆಗೆ ಅಳು ಬಂತು, ಸಿಟ್ಟೂ ಬಂತು. ಪ್ರೀತಿಯಿಂದ ಮಾಡಿದ್ದಕ್ಕೆ ಬೈಸಿಕೊಂಡವರಿಗೆ ಬರುವ ಸಿಟ್ಟು ಅದು. ತಿದ್ದಲು ಕಡ್ಡಿ ಎತ್ತಿಕೊಂಡಳು. ಒಂದು ಬೆರಳಿನ ಅಗಲ ಮುಂದೆ ಎಳೆದರಾಯಿತು. ಕಡ್ಡಿ ತಾಗಿಸುವ ಮೊದಲೇ ಗೊತ್ತಾಯಿತು, ಆಗದು. ಬಿಗಿದ ಪ್ಲಾಸ್ಟರು ಅದು. ಬೆರಳು ಮುಂದೆ ಹೋದರೆ ಸೊಂಟ ಮುಂದೆ ಹೋಗಬೇಕು, ಎದೆ ಮುಂದೆ ಹೋಗಬೇಕು. ಗೆರೆ ನೋಡಿ ಹಲಗೆ ಮೆಟ್ಟಿದವನ ಕತ್ತು ಒಂದು ತೆರ, ನೋಡದೆ ಮೆಟ್ಟಿದವನ ಕತ್ತು ಇನ್ನೊಂದು ತೆರ. ಮೊದಲಿನಿಂದ ಬರೆಯಬೇಕಿತ್ತು.

ಉಳಿದ ದಿನಗಳಲ್ಲಿ ಅದು ಬರಲೇ ಇಲ್ಲ. ಕಾಲು ಬಂದರೆ ಹೆಗಲಿಲ್ಲ, ಹೆಗಲು ಬಂದರೆ ವೇಗವಿಲ್ಲ. ಮೈದಾನದಲ್ಲಿ ಸೀಟಿ ಟೀಚರ್‌ಗೆ ಹೇಳಿದಾಗ ಆಕೆ ಗೇಲಿ ಮಾಡಲಿಲ್ಲ. ತನ್ನ ಆಟಗಾರರನ್ನು ಕರೆದು, “ಇವತ್ತು ಗೆರೆ ಮರ್ತುಬಿಡಿ. ಫೌಲ್ ಆದ್ರೂ ಪರವಾಗಿಲ್ಲ, ಸುಮ್ನೆ ಹಾರಿ” ಅಂದಳು. ಅವರು ಒಬ್ಬರಾದ ಮೇಲೊಬ್ಬರು ಕೇಕೆ ಹಾಕುತ್ತ ಗೆರೆ ದಾಟಿ ಹಾರಿದರು. ಪ್ಲಾಸ್ಟರಮ್ಮ ಕೋಲು ಬಿಟ್ಟು, ಕಡ್ಡಿಯನ್ನೂ ಬಿಟ್ಟು, ಅವರ ಕತ್ತುಗಳನ್ನಷ್ಟೇ ನೋಡಿದಳು.

ಆಪರೇಷನ್ನು ಇಂಥ ಆಪರೇಷನ್ನುಗಳು ಆಗುವಂತೆಯೇ ಆಯಿತು. ಮಾರನೆಯ ದಿನವೇ ಎಬ್ಬಿಸಿ ನಿಲ್ಲಿಸಿದರು, ಆತ ನರ್ಸುಗಳ ಜೊತೆ ಜಗಳವಾಡಿ ಮೂರನೆಯ ದಿನ ಕಾರಿಡಾರಿನ ತುದಿಯವರೆಗೆ ನಡೆದು, ಅಲ್ಲಿನ ಲಿಫ್ಟು ಒಂದು ಬೆರಳು ಮೇಲೆ ನಿಲ್ಲುತ್ತಿದೆ ಎಂದು ದೂರು ಕೊಟ್ಟು ಬಂದ. ಈಗ ಸಂಜೆ ಹೊತ್ತು ಹೆಂಡತಿಯ ಜೊತೆ ಮೈದಾನದ ಸುತ್ತ ನಡೆಯುತ್ತಾನೆ. ಮರಳುಗುಂಡಿಯ ಹತ್ತಿರ ಬಂದಾಗ ಇಬ್ಬರೂ ತುಸು ನಿಧಾನ ಮಾಡುತ್ತಾರೆ. ಪ್ಲಾಸ್ಟರ್ ಕೋಣೆಗೆ ಬರುವ ಮಕ್ಕಳ ಕೈಮೇಲೆ ಬೆಕ್ಕು ಈಗ ಕೂರುವುದಿಲ್ಲ, ನೆಗೆಯುತ್ತದೆ.

ಆದರೆ ಹೇಳಬೇಕಾದದ್ದು ಆಪರೇಷನ್ನಿನ ದಿನದ ಬೆಳಗಿನ ಮಾತು. ಗಂಡನಿಗೆ ಹಿಂದೆ ಕಟ್ಟುವ ಹಸಿರು ಅಂಗಿ ತೊಡಿಸಿ, ವಾರ್ಡಿನ ಮಂಚದ ಮೇಲೆ ಕೂರಿಸಿದ್ದರು. ಗಾಲಿಮಂಚ ಬರಲು ಇನ್ನೂ ಹೊತ್ತಿತ್ತು. ಆಕೆ ಆ ಬೆಳಿಗ್ಗೆ ಎದ್ದು, ಅಡುಗೆಮನೆಯ ಕಟ್ಟೆಯ ಮೇಲೆ ದೊಡ್ಡ ಹಾಳೆ ಹರಡಿ, ಒಂದೇ ಸಲ ಹೆಗಲು ಬಿಟ್ಟು ಬರೆದದ್ದನ್ನು ಸುತ್ತಿ ತಂದಿದ್ದಳು. ಚೆನ್ನಾಗಿದೆಯೋ ಇಲ್ಲವೋ ಎಂದು ತಿರುಗಿ ನೋಡುವ ಧೈರ್ಯವಾಗಿರಲಿಲ್ಲ. ಬಿಚ್ಚಿ ಆತನ ಮಡಿಲಲ್ಲಿಟ್ಟಳು.

ಹಾಳೆಯ ಎಡತುದಿಯಲ್ಲಿ ಹಲಗೆ, ಬಿಳಿ ಗೆರೆ. ಗೆರೆಯನ್ನು ದಾಟಿ, ಆಗಷ್ಟೇ ನೆಲ ಬಿಟ್ಟ ಹೆಬ್ಬೆರಳು. ಅಲ್ಲಿಂದ ನೆತ್ತಿಯವರೆಗೆ ಒಂದೇ ಬಾಗು. ಬಲ ಹೆಗಲು ಕೆಳಗೆ, ಗದ್ದ ಮೇಲೆ. ಕತ್ತು ಯಾವ ಗೆರೆಯನ್ನೂ ನೋಡುತ್ತಿರಲಿಲ್ಲ. ಉಳಿದದ್ದೆಲ್ಲ ಖಾಲಿ.

ಗಂಡ ಮೊದಲು ಗೆರೆಯ ಹತ್ತಿರ ನೋಡಿದ.

“ಫೌಲ್,” ಅಂದ.

“ಫೌಲೇ.”

“ಬಾವುಟ ಎತ್ತುತ್ತಾರೆ.”

“ಎತ್ತಲಿ ಬಿಡಿ. ಅವರ ಕೆಲಸ ಅವರು ಮಾಡ್ತಾರೆ.”

ಆತ ನಕ್ಕ. ನಗುತ್ತ ಕಣ್ಣೊರೆಸಿಕೊಂಡ. ಆಮೇಲೆ ತೋರುಬೆರಳನ್ನು ಚಿತ್ರದ ಸೊಂಟದ ಮೇಲಿಟ್ಟು, ಗಾಳಿಯಲ್ಲಿ ಸಾಗುವ ಹಾದಿಯಲ್ಲಿ ನಿಧಾನಕ್ಕೆ ಬಲಕ್ಕೆ ಎಳೆದ. ಹಾಳೆ ಮುಗಿಯಿತು. ಬೆರಳು ನಿಲ್ಲಲಿಲ್ಲ, ಹೊದಿಕೆಯ ಮೇಲೆ ಹೋಯಿತು, ಮಂಚದ ಅಂಚಿಗೆ ಬಂದು ಅಲ್ಲಿ ತಡವರಿಸಿತು.

“ಎಲ್ಲಿ ಇಳೀತೀನೇ ನಾನು?” ಅಂದ. ತಮಾಷೆಯ ದನಿಯಲ್ಲ. “ಮೈದಾನದಲ್ಲಿ ಎಲ್ಲರಿಗೂ ಮುಂಚೆ ಹೋಗಿ ನಿಲ್ತೀಯಂತಲ್ಲ. ನೀನು ನೋಡಿದೀಯ ಈಗ. ಹೇಳು.”

ಕಾರಿಡಾರಿನ ತುದಿಯಲ್ಲಿ ಗಾಲಿಮಂಚದ ಚಕ್ರದ ಸದ್ದು ಶುರುವಾಗಿತ್ತು. ಅಳೆಯದ ಯಾವುದನ್ನೂ ಆಕೆ ಬಾಯಿಬಿಟ್ಟು ಹೇಳಿದವಳಲ್ಲ, ರೋಗಿಗಳು “ಯಾವಾಗ ವಾಸಿಯಾಗುತ್ತೆ?” ಎಂದರೆ “ಡಾಕ್ಟರನ್ನ ಕೇಳಿ” ಅನ್ನುವವಳು. ಮುಂದೆ ಮಗಳು ಎಷ್ಟು ಕಾಡಿದರೂ ಅಂದು ಹೇಳಿದ ಅಂಕಿಯನ್ನು ಇನ್ನೊಮ್ಮೆ ಹೇಳಲಿಲ್ಲ. ಆಗ ಮಾತ್ರ ಚಿತ್ರದ ಸೊಂಟದ ಎತ್ತರ ನೋಡಿದಳು, ಎದೆಯ ವಾಲು ನೋಡಿದಳು, ಮರಳು ಇದ್ದಿರಬೇಕಾದ ಕಡೆಗೆ ಕಣ್ಣು ಕಿರಿದು ಮಾಡಿ ನೋಡಿದಳು. ಗಂಡನ ಕೈ ಹಿಡಿದುಕೊಂಡು, ಅಳತೆಯ ಟೇಪು ಓದುವವರ ದನಿಯಲ್ಲಿ ಹೇಳಿದಳು:

“ಆರು ಮೀಟರ್ ಎಂಬತ್ನಾಲ್ಕು.”